ಧ್ರುವದ ಊರಿಗೆ ಒಯ್ದ ಮುಂಬಯಿಯ ಬರ್ಫ

ಸಯನ್

ಉತ್ತರ ಧ್ರುವದ ಕಡೆ ಹೋಗಿಬಂದವಳು ಎಂದು ಯಾರಾದರೂ ನನ್ನ ಪರಿಚಯ ಮಾಡಿಕೊಟ್ಟರೆ ಜನ ಕೇಳುವ ಮೊದಲ ಪ್ರಶ್ನೆ, "ಬಿಳಿ ಕರಡಿ ನೋಡಿದ್ರೇನು?" ಇಲ್ಲ, ನೋಡಲಿಲ್ಲ. ಪೆಂಗ್ವಿನ್ ಕೂಡ ನೋಡಲಿಲ್ಲ. ಅದು ಇರುವುದು ಭೂಮಿಯ ಇನ್ನೊಂದು ತುದಿಯಲ್ಲಿ. ನಾನು ನೋಡಿದ್ದು ಬೇರೆಯೇ. ಅದನ್ನು ಹೇಳಬೇಕಾದರೆ ಮುಂಬಯಿಯಿಂದ ಶುರುಮಾಡಬೇಕು. ನಾವು ಅಷ್ಟು ದೂರ ಹೊರಟದ್ದೇ ಮುಂಬಯಿಯ ಬರ್ಫನ್ನು, ಅಂದರೆ ಮಂಜುಗಡ್ಡೆಯನ್ನು, ಅಲ್ಲಿಯವರಿಗೆ ತೋರಿಸಲು.

ಎಪ್ಪತ್ತರ ದಶಕದ ಮಾತು. ಸಿನಿಮಾ ಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಸಣ್ಣ ಸಾಕ್ಷ್ಯಚಿತ್ರವೊಂದನ್ನು ತೋರಿಸುತ್ತಿದ್ದರಲ್ಲ, ಅಣೆಕಟ್ಟು, ಗೋಧಿ, ಸಿಡುಬಿನ ಲಸಿಕೆ ಎಂದು? ಅಂಥ ಚಿತ್ರಗಳಿಗೆ ಕನ್ನಡ ನಿರೂಪಣೆ ಬರೆದು ಓದುವುದು ನನ್ನ ಕೆಲಸವಾಗಿತ್ತು. ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಮುಂಬಯಿಯ ಸಯನ್‌ಗೆ ಬಂದವಳು ನಾನು. ನನ್ನ ಧ್ವನಿ ಬೀದರದಿಂದ ಚಾಮರಾಜನಗರದವರೆಗೆ ಕೇಳುತ್ತಿತ್ತು. ಆದರೆ ಅದು ಕೇಳುವ ಹೊತ್ತಿಗೆ ಜನ ಹೊರಗೆ ನಿಂತು ಶೇಂಗಾ ಕೊಳ್ಳುತ್ತಿದ್ದರು.

ಈ ಕೆಲಸದಲ್ಲೇ ಪರಿಚಯವಾದವರು ಅಬ್ದುಲ್ ಖಾದರ್. ವಿಜಾಪುರದವರು, ಕ್ಯಾಮೆರಾಮನ್, ಪರೇಲಿನ ಒಂದು ಚಾಳಿನಲ್ಲಿ, ಸಾಲುಕೋಣೆಗಳ ವಠಾರದಲ್ಲಿ, ಮನೆ. ಒಂದು ದಿನ ಅವರು ಫೌಂಟನ್ ಹತ್ತಿರದ ಫುಟ್‌ಪಾತಿನಲ್ಲಿ ಹಳೆಯ ಛಾಯಾಚಿತ್ರಗಳ ಪುಸ್ತಕವೊಂದನ್ನು ಕೊಂಡುತಂದರು. ಪೂರ್ತಿ ಧ್ರುವ ಪ್ರದೇಶದ್ದೇ. ರಟ್ಟು ಹೋಗಿತ್ತು, ಹುಳು ತಿಂದಿತ್ತು, ಆದರೆ ಒಳಗೆ ಪುಟದ ತುಂಬ ಹಿಮ. ಚಾಳಿನ ಮಕ್ಕಳಿಗೆ ಅದನ್ನು ತೋರಿಸಿ, "ಇದು ಏನಂತ ಹೇಳ್ರಿ ನೋಡೂಣು" ಎಂದರಂತೆ. ಒಬ್ಬಳು ಉಪ್ಪು ಎಂದಳು, ಇನ್ನೊಬ್ಬ ಸೋಪಿನ ನೊರೆ ಎಂದ. ಪಕ್ಕದ ಮನೆಯ ಗಿರಣಿ ಕೆಲಸಗಾರ ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ. ತಲೆ, ಹುಬ್ಬು, ಮೀಸೆಯ ಮೇಲೆಲ್ಲ ಹತ್ತಿಯ ಧೂಳು. ಅವನು ಬಗ್ಗಿ ನೋಡಿ, "ಇದು ನಮ್ಮ ಗಿರಣಿ ಅಲ್ಲೇನು?" ಎಂದ.

ಮರುದಿನ ಖಾದರ್ ಭಾಯಿ ನನ್ನ ಎದುರು ಬಂದು ಕೂತರು. "ಅಕ್ಕಾರ, ಒಂದು ಚಿತ್ರ ಮಾಡೂಣ್ರಿ. ಮುಂಬಯಿ ಮಂದಿ ಕಣ್ಣಾಗಿನ ಧ್ರುವ."

ಎರಡು ವರ್ಷ, ಬರೀ ರಜೆಯ ದಿನಗಳಲ್ಲಿ, ಆ ಚಿತ್ರ ಮಾಡಿದೆವು. ಅಂಧೇರಿಯ ಸ್ಟುಡಿಯೋದಲ್ಲಿ ಹಿಂದಿ ಸಿನಿಮಾವೊಂದಕ್ಕಾಗಿ ವಡಾಳೆಯ ಆಗರದಿಂದ ತಂದ ಉಪ್ಪನ್ನು ಗುಡ್ಡೆ ಹಾಕಿ, ದೊಡ್ಡ ಫ್ಯಾನ್ ಹಚ್ಚಿ, ಥರ್ಮೋಕೋಲಿನ ಪುಡಿ ಹಾರಿಸಿ ಹಿಮಪ್ರದೇಶ ಮಾಡಿದ್ದರು. ಮೇ ತಿಂಗಳ ಸೆಖೆಯಲ್ಲಿ ಉಣ್ಣೆಯ ಕೋಟು ತೊಟ್ಟ ನಾಯಕಿ ಚಳಿಗೆ ನಡುಗುವ ದೃಶ್ಯದಲ್ಲಿ ನಿಜವಾಗಿಯೂ ತಲೆ ತಿರುಗಿ ಬಿದ್ದಳು, ಅದನ್ನೂ ಹಿಡಿದೆವು. ಮಾಟುಂಗದ ನಿವೃತ್ತ ಮಾಸ್ತರರೊಬ್ಬರು ಧ್ರುವಯಾತ್ರೆಯ ಕಾದಂಬರಿಗಳನ್ನು ಬಿಟ್ಟರೆ ಬೇರೆ ಏನನ್ನೂ ಓದುತ್ತಿರಲಿಲ್ಲ. ಹಡಗು ಹಿಮದಲ್ಲಿ ಸಿಕ್ಕಿಬಿದ್ದ ಅಧ್ಯಾಯ ಬಂದರೆ ಫ್ಯಾನ್ ಆರಿಸಿ ಹೆಂಡತಿಯ ಹತ್ತಿರ ಶಾಲು ಕೇಳುತ್ತಿದ್ದರು. ಕೊಲಾಬಾದ ಮೀನು ಬಂದರಿನ ಬರ್ಫ ಕಾರಖಾನೆಯಲ್ಲಿ ಬರಿಗಾಲಿನ ಗಂಡಸರು ಆಳುದ್ದದ ಗಡ್ಡೆಗಳನ್ನು ಜಾರಿಸಿ, ಸೀಳಿ, ಪುಡಿಮಾಡಿ ಮೀನಿನ ಬುಟ್ಟಿಗೆ ಸುರಿಯುತ್ತಿದ್ದರು. ಇವೆಲ್ಲ ಸೇರಿ ಅರ್ಧ ತಾಸಿನ ಚಿತ್ರ. ಕನ್ನಡದಲ್ಲಿ ನಿರೂಪಣೆ ನನ್ನದು. ಇಂಗ್ಲಿಷಿಗೆ ರೇಡಿಯೋ ಧ್ವನಿಯ ಮಹನೀಯರೊಬ್ಬರು ಸಿಕ್ಕರು.

ಯಾರೂ ಕೊಳ್ಳಲಿಲ್ಲ. ಒಬ್ಬ ವಿತರಕ ಪೂರ್ತಿ ನೋಡಿ, ದೀಪ ಹಚ್ಚಿಸಿ, "ಸಬ್ ಠೀಕ್ ಹೈ, ಲೇಕಿನ್ ಪೋಲ್ ಕಿಧರ್ ಹೈ?" ಎಂದ. ಧ್ರುವ ಎಲ್ಲಿ ಎಂದು ಕೇಳಿದ್ದು ಅವನ ತಪ್ಪೇನೂ ಅಲ್ಲ.

ಹೀಗಿರುವಾಗ ಉತ್ತರ ಧ್ರುವದ ಹತ್ತಿರದ ಟ್ರೊಮ್ಸೊ ಎಂಬ ಊರಿನಲ್ಲಿ ಧ್ರುವ ಪ್ರದೇಶದ ಚಿತ್ರಗಳಿಗೆಂದೇ ಒಂದು ಉತ್ಸವ ನಡೆಯುವುದಾಗಿ ಪತ್ರಿಕೆಯಲ್ಲಿ ಓದಿದೆವು. ಇರಲಿ ಎಂದು ನಾಲ್ಕು ಫೋಟೋ ಇಟ್ಟು ಬರೆದೆವು. ನೀವಿಬ್ಬರೂ ಚಿತ್ರದೊಂದಿಗೆ ಬನ್ನಿ, ಟಿಕೆಟ್ ನಮ್ಮದು ಎಂದು ಉತ್ತರ ಬಂತು.

ಖಾದರ್ ಭಾಯಿ ಕುಣಿಯಲಿಲ್ಲ. ಲೋಕಲ್ ರೈಲಿನಲ್ಲಿ ಬಾಗಿಲ ಕಂಬ ಹಿಡಿದು ನಿಂತು ಮೆಲ್ಲಗೆ ಹೇಳಿದರು: "ಅಲ್ಲೂ ಮಂದಿಗೆ ಹಿಡಸಲಿಲ್ಲ ಅಂದ್ರ ನಾ ಕ್ಯಾಮೆರಾ ಇಳಸ್ತೀನ್ರಿ. ದಾದರದಾಗ ನಮ್ಮ ಮಾವನ ಸ್ಟುಡಿಯೋ ಐತಿ. ಪಾಸ್‌ಪೋರ್ಟ್ ಫೋಟೋ ತಗಕೋಂತ ಇದ್ದುಬಿಡ್ತೀನಿ."

"ಸುಮ್ನಿರ್ರಿ" ಎಂದೆ. ಆದರೆ ಅವರು ಸುಮ್ಮನೆ ಹೇಳುವವರಲ್ಲ ಎಂದು ನನಗೆ ಗೊತ್ತಿತ್ತು.

ಸಾಂತಾಕ್ರೂಜ್

ಮುಂಬಯಿಯಲ್ಲಿ ಧ್ರುವಕ್ಕೆ ಹೋಗುವ ಉಡುಪು ಎಲ್ಲಿ ಸಿಗುತ್ತದೆ? ನಮ್ಮ ಬೀದಿಯ ದರ್ಜಿಯ ಮುಂದೆ ಅದೇ ಫೋಟೋ ಪುಸ್ತಕವನ್ನು ತೆರೆದಿಟ್ಟೆ. ಒಂದು ಚಿತ್ರದಲ್ಲಿ ಹಳೆಯ ಕಾಲದ ಅನ್ವೇಷಕನೊಬ್ಬ ಮೊಣಕಾಲಿನವರೆಗೆ ಕೋಟು ತೊಟ್ಟು, ತಲೆಗೆ ತುಪ್ಪಳದ ಕುಲಾವಿ ಹಾಕಿ, ನಾಯಿಗಳ ನಡುವೆ ನಿಂತಿದ್ದ. ದರ್ಜಿ ಅದನ್ನು ಗಮನವಿಟ್ಟು ನೋಡಿ, "ಹೋ ಜಾಯೇಗಾ, ಬಹೆನ್‌ಜಿ" ಎಂದ. ಕಂಬಳಿ, ಹತ್ತಿ, ಹಳೆಯ ಗಾದಿಯ ಬಟ್ಟೆ ಎಲ್ಲ ಸೇರಿಸಿ ಎರಡು ಕೋಟು ಹೊಲಿದ. ಕುಲಾವಿಗೆ ಮೊಲದ ತುಪ್ಪಳದಂಥದ್ದೇನನ್ನೋ ಹಚ್ಚಿದ. ಅದು ಏನೆಂದು ನಾನು ಕೇಳಲಿಲ್ಲ.

ನಮ್ಮ ಮನೆಯವರು ಹೆಚ್ಚು ಮಾತಿನವರಲ್ಲ. ಕೋಟು ತೊಟ್ಟು ಕನ್ನಡಿ ಮುಂದೆ ನಿಂತವಳನ್ನು ನೋಡಿ, "ಬಾಗಿಲ ದಾಟ್ತೀಯೇನು ಇದರಾಗ?" ಎಂದಷ್ಟೇ ಕೇಳಿದರು. ಅತ್ತೆಯವರದು ಬೇರೆ ಚಿಂತೆ.

"ಅಲ್ಲೇನು ಉಣ್ತೀಯವ್ವಾ? ಬರ್ಫ ಕಡಕೊಂಡು ಕೂಡ್ತೀಯೇನು?"

"ಬ್ರೆಡ್ಡು, ಆಲೂಗಡ್ಡಿ ಸಿಗ್ತದಂತ, ಅತ್ತಿ."

"ಸಿಗ್ತದ, ಸಿಗ್ತದ" ಎನ್ನುತ್ತಲೇ ಅವರು ಖಡಕ್ ರೊಟ್ಟಿಯ ದೊಡ್ಡ ಕಟ್ಟನ್ನೂ ಶೇಂಗಾ ಚಟ್ನಿಯ ಡಬ್ಬಿಯನ್ನೂ ಚೀಲಕ್ಕೆ ತುರುಕಿದರು. ಹೊರಡುವ ದಿನ ಬಾಗಿಲಲ್ಲಿ ನನ್ನ ಕೈ ಹಿಡಿದು, "ಗಂಡಸರು ಹೋಗಿ ಬಂದಿದ್ದು ಪುಸ್ತಕದಾಗ ಓದೀನಿ. ನೀ ಹೋಗಿ ಬಂದು ಹೇಳು. ನಾ ಕೂತು ಕೇಳ್ತೀನಿ" ಎಂದರು. ಸಾಂತಾಕ್ರೂಜಿನಲ್ಲಿ ವಿಮಾನ ಏರುವಾಗ ನನಗೆ ಆ ಕೈಯ ಬಿಸಿಯೇ ನೆನಪಿತ್ತು.

ಚಿತ್ರದ ಡಬ್ಬಿಯನ್ನು ಖಾದರ್ ಭಾಯಿ ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡರು. ಊಟದ ತಟ್ಟೆ ಬಂದಾಗಲೂ ಕೆಳಗಿಳಿಸಲಿಲ್ಲ. ಅದರ ಮೇಲೆಯೇ ತಟ್ಟೆ ಇಟ್ಟು ಉಂಡರು.

ಓಸ್ಲೋ

ಇಲ್ಲಿ ವಿಮಾನ ಬದಲಿಸಲು ಒಂದು ಹಗಲು ಕಾಯಬೇಕಿತ್ತು. ಊರು ನೋಡೋಣವೆಂದು ಬಸ್ ಹತ್ತಿದೆವು. ಬಸ್ಸಿನ ತುಂಬ ಜನ. ಆದರೆ ಸದ್ದೇ ಇಲ್ಲ. ಯಾರಾದರೂ ತೀರಿಕೊಂಡಿದ್ದಾರೇನೋ ಅನ್ನಿಸಿತು. ಎರಡು ಜನರ ಸೀಟಿನಲ್ಲಿ ಒಬ್ಬೊಬ್ಬರೇ ಕೂತಿದ್ದರು, ಉಳಿದವರು ನಿಂತಿದ್ದರು. ನಮ್ಮ ಲೋಕಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವಳು "ಜರಾ ಸರಕ್" ಎಂದು ಬಂದು ಕೂರುವುದು ಹಕ್ಕು. ಆ ಅಭ್ಯಾಸದಲ್ಲಿ ನಾನು ಒಬ್ಬ ಮುದುಕಿಯ ಪಕ್ಕ ಕೂತೆ. ಆಕೆ ಬೆಚ್ಚಿ ನನ್ನನ್ನು ನೋಡಿದಳು, ನನ್ನ ಕೋಟು ನೋಡಿದಳು, ಮತ್ತೆ ಕಿಟಕಿಯ ಕಡೆ ತಿರುಗಿದಳು. ಇಳಿಯುವಾಗ ಮಾತ್ರ ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಮುಟ್ಟಿ, ತಲೆದೂಗಿದಳು.

ಒಂದು ಅಂಗಡಿಯ ಮುಂದೆ ತಳ್ಳುಗಾಡಿಯಲ್ಲಿ ಕೂಸೊಂದು ಒಂಟಿಯಾಗಿ ಮಲಗಿತ್ತು. ಹಿಮ ಉದುರುತ್ತಿದೆ, ಕೂಸಿನ ಮೂಗು ಮಾತ್ರ ಕಾಣುತ್ತಿದೆ. ಖಾದರ್ ಭಾಯಿ ಗಾಬರಿಯಾಗಿ ಅಂಗಡಿಯೊಳಗೆ ಓಡಿ, "ಮೇಡಮ್, ಬೇಬಿ! ಬೇಬಿ ಔಟ್‌ಸೈಡ್!" ಎಂದು ಕೂಗಿದರು. ಒಳಗೆ ಕಾಫಿ ಕುಡಿಯುತ್ತಿದ್ದ ತಾಯಿ ಶಾಂತವಾಗಿ, "ಹೌದು, ಅವನು ಹೊರಗೇ ಚೆನ್ನಾಗಿ ಮಲಗುತ್ತಾನೆ" ಎಂದಳು. ನಮ್ಮಲ್ಲಿ ಗಾಳಿ ಬಿಸಿಯಾಯಿತೆಂದು ಕೂಸನ್ನು ಒಳಗೆ ಮಲಗಿಸುತ್ತೇವೆ, ಇವರು ತಂಪಾಗಿದೆಯೆಂದು ಹೊರಗೆ ಮಲಗಿಸುತ್ತಾರೆ. ಕೂಸು ಎರಡೂ ಕಡೆ ಮಲಗುತ್ತದೆ.

ಟ್ರೊಮ್ಸೊ

ವಿಮಾನದ ಮೆಟ್ಟಿಲಿಳಿದು ಧ್ರುವದ ನೆಲದ ಮೇಲೆ ಇಟ್ಟ ಮೊದಲ ಹೆಜ್ಜೆಯಲ್ಲೇ ನಾನು ಬಿದ್ದೆ. ಕೋಟಿನ ದಪ್ಪದಿಂದ ಏಟಾಗಲಿಲ್ಲ. ಎತ್ತಲು ಬಂದ ಖಾದರ್ ಭಾಯಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ಪಕ್ಕದಲ್ಲೇ ಬಿದ್ದರು. ನಮ್ಮನ್ನು ಕರೆದೊಯ್ಯಲು ಬಂದ ಇಂಗ್ರಿಡ್ ಎಂಬಾಕೆ ನಮ್ಮಿಬ್ಬರ ಕೈ ಹಿಡಿದೆತ್ತಿದಳು. ಊರಿನ ಗ್ರಂಥಾಲಯದಲ್ಲಿ ಕೆಲಸ, ಉತ್ಸವದ ಓಡಾಟವೆಲ್ಲ ಆಕೆಯದೇ. ಐವತ್ತರ ಆಸುಪಾಸು, ತೆಳ್ಳಗೆ, ಸಾದಾ ಜಾಕೆಟ್ಟು.

"ಹಿಮ್ಮಡಿ ಎತ್ತಬೇಡಿ. ಪಾದ ಚಪ್ಪಟೆಯಾಗಿಟ್ಟು ನಡೆಯಿರಿ" ಎಂದು ಇಂಗ್ಲಿಷಿನಲ್ಲಿ ಕಲಿಸಿಕೊಟ್ಟಳು. ಆಮೇಲೆ ನಮ್ಮ ಕೋಟುಗಳ ಕಡೆ ನೋಡಿ, ನಗುವನ್ನು ತಡೆಯಲಾರದೆ, "ಕ್ಷಮಿಸಿ, ನೀವು ಇಲ್ಲಿಂದ ಮುಂದೆ ಎಲ್ಲಿಗಾದರೂ ಹೊರಟಿದ್ದೀರಾ?" ಎಂದು ಕೇಳಿದಳು. ಸುತ್ತ ನೋಡಿದೆ. ಅಂಥ ಉಡುಪು ತೊಟ್ಟವರು ಇಡೀ ಊರಿನಲ್ಲಿ ನಾವಿಬ್ಬರೇ. ಉಳಿದವರೆಲ್ಲ ಆಫೀಸಿಗೆ ಹೊರಟ ಜನ.

ಪುಸ್ತಕಗಳಲ್ಲಿ ಕಂಡಿದ್ದ ಯಾವುದೂ ಮೊದಲಿಗೆ ಕಾಣಲಿಲ್ಲ. ಬೆಟ್ಟ ಬೆಳ್ಳಗಿತ್ತು, ಛಾವಣಿ ಬೆಳ್ಳಗಿತ್ತು, ನಿಜ. ಆದರೆ ಸಮುದ್ರ? ಹೆಪ್ಪುಗಟ್ಟಿದ ಸಮುದ್ರ, ಸಿಕ್ಕಿಬಿದ್ದ ಹಡಗು? ಇಲ್ಲಿ ನೀಲಿ ನೀರು ಅಲೆಯಾಡುತ್ತಿತ್ತು, ದೋಣಿಗಳು ಓಡಾಡುತ್ತಿದ್ದವು. ಬೆಚ್ಚಗಿನ ಪ್ರವಾಹವೊಂದು ಹರಿದುಬರುವುದರಿಂದ ಈ ಊರಿನ ಕಡಲು ಹೆಪ್ಪುಗಟ್ಟುವುದಿಲ್ಲವಂತೆ.

"ಏನ್ರಿ ಇದು, ನಮ್ಮ ಅಪೋಲೋ ಬಂದರಿನಂಗ ಐತಲ್ಲ" ಎಂದರು ಖಾದರ್ ಭಾಯಿ, ಮೋಸವಾದವರ ಹಾಗೆ.

ಅವರಿಗೆ ಇನ್ನೊಂದು ಚಿಂತೆಯೂ ಇತ್ತು. ಮಾಟುಂಗದ ಮಾಸ್ತರರು ಧ್ರುವದಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂದು ಅವರ ತಲೆಯಲ್ಲಿ ತುಂಬಿದ್ದರು. ಹಾಗಾದರೆ ಐದು ಹೊತ್ತಿನ ನಮಾಜು ಯಾವಾಗ? ಮಸೀದಿಯ ಹಿರಿಯರನ್ನು ಕೇಳಿಕೊಂಡೇ ಬಂದಿದ್ದರು. ನೋಡಿದರೆ ಅದು ಮಾರ್ಚ್ ತಿಂಗಳ ಕೊನೆ; ಸೂರ್ಯ ನಮ್ಮೂರಿನ ಹಾಗೆಯೇ ಬೆಳಿಗ್ಗೆ ಹುಟ್ಟಿ ಸಂಜೆ ಮುಳುಗಿದ. ಖಾದರ್ ಭಾಯಿ ಕಿಟಕಿಯ ಬಳಿ ನಿಂತು ದೊಡ್ಡದಾಗಿ ನಕ್ಕರು. "ಎಲ್ಲಾ ಕಾದಂಬರಿ ಸುಳ್ಳ್ರೀ ಅಕ್ಕಾರ!"

ಆದರೆ ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಮುಖ ತೋರಿಸುವುದಿಲ್ಲ ಎಂಬುದು ಇಲ್ಲಿಯ ಜನರನ್ನು ನೋಡಿದರೇ ತಿಳಿಯುತ್ತಿತ್ತು. ಮಧ್ಯಾಹ್ನ ಬಿಸಿಲು ಬಿದ್ದ ಗೋಡೆಗೆ ಒರಗಿ ಸಾಲಾಗಿ ನಿಲ್ಲುತ್ತಿದ್ದರು, ಕಣ್ಣು ಮುಚ್ಚಿ, ಮುಖ ಮೇಲೆತ್ತಿ. ಬ್ಯಾಂಕಿನವರು, ಅಂಗಡಿಯವರು, ಒಬ್ಬ ಪೊಲೀಸ್ ಕೂಡ. ಪರೇಲಿನ ರಸ್ತೆಯಲ್ಲಿ ನಾವು ನೆರಳಿದ್ದ ಕಡೆಗೆ ದಾಟುತ್ತೇವೆ. ಇಲ್ಲಿ ಬಿಸಿಲಿದ್ದ ಕಡೆಗೆ ದಾಟುತ್ತಿದ್ದರು.

ಇಂಗ್ರಿಡ್‌ಳ ಮನೆಯಲ್ಲೇ ನಮಗೆ ವಸತಿ. ಬಾಗಿಲಲ್ಲಿ ಚಪ್ಪಲಿ ಬಿಡುವುದು ನೋಡಿ ನನಗೆ ಸಮಾಧಾನವಾಯಿತು. ಬೂಟು ಹಾಕಿ ಒಳಬರುವವರು ಆಕೆಗೂ ಸೇರುತ್ತಿರಲಿಲ್ಲ. ಊಟಕ್ಕೆ ಕೂತಾಗ ನಾನು ಸಂಕೋಚದಿಂದ ಖಡಕ್ ರೊಟ್ಟಿಯ ಕಟ್ಟು ಬಿಚ್ಚಿದೆ. ಆಕೆ ಒಂದನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಮುರಿದು ಸದ್ದು ಕೇಳಿ, ಎದ್ದುಹೋದಳು. ತಿರುಗಿ ಬಂದಾಗ ಕೈಯಲ್ಲಿ ಒಂದು ಡಬ್ಬಿ. ಒಳಗೆ ಅದೇ ಅಗಲದ, ಅದೇ ಬಣ್ಣದ, ಅದೇ ಸದ್ದಿನ ರೊಟ್ಟಿ. ಬಾರ್ಲಿಯದಂತೆ. ಅವಳ ಅಜ್ಜಿ ವರ್ಷಕ್ಕಾಗುವಷ್ಟು ಒಂದೇ ಸಲ ಮಾಡಿ ಒಟ್ಟಿಡುತ್ತಿದ್ದಳಂತೆ. ಅವಳು ನಮ್ಮ ರೊಟ್ಟಿ ತಿಂದಳು, ನಾನು ಅವಳದು. ಶೇಂಗಾ ಚಟ್ನಿ ಎರಡಕ್ಕೂ ಹೊಂದಿತು. ಖಾದರ್ ಭಾಯಿ ಮಾತ್ರ ಮೀನಿನ ತಟ್ಟೆಯಿಂದ ತಲೆ ಎತ್ತಲಿಲ್ಲ.

ಬಂದರು

ಮರುದಿನ ಬೆಳಿಗ್ಗೆ ಬಂದರಿಗೆ ಹೋದೆವು. ಮೀನಿನ ವಾಸನೆ ಕೊಲಾಬಾದ್ದೇ. ಗಲಾಟೆ ಮಾತ್ರ ಇರಲಿಲ್ಲ. ದಂಡೆಯಲ್ಲಿ ಒಂದು ದೊಡ್ಡ ಕಟ್ಟಡ, ಒಳಗೆ ಯಂತ್ರದ ಗದ್ದಲ. ಇದೇನೆಂದು ಕೇಳಿದೆ.

"ಐಸ್ ಫ್ಯಾಕ್ಟರಿ" ಎಂದಳು ಇಂಗ್ರಿಡ್.

ನಾನೂ ಖಾದರ್ ಭಾಯಿಯೂ ಮುಖ ಮುಖ ನೋಡಿಕೊಂಡೆವು. ಸುತ್ತ ಕಣ್ಣು ಹಾಯುವಷ್ಟು ದೂರ ಹಿಮ. ಅದರ ನಡುವೆ ನಿಂತು ಬರ್ಫ ಮಾಡುವ ಕಾರಖಾನೆ! ಖಾದರ್ ಭಾಯಿ ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರೂ ಕೆನ್ನೆಯ ಮೇಲೆ ಹೆಪ್ಪುಗಟ್ಟುತ್ತದೆಂದು ಹೆದರಿ ಒರೆಸಿಕೊಂಡರು.

ನಗು ಕೇಳಿ ಒಳಗಿಂದ ಒಬ್ಬ ಭಾರೀ ಗಾತ್ರದ ಮುದುಕ ಬಂದ. ಕೆಂಪು ಮುಖ, ರಬ್ಬರಿನ ಏಪ್ರನ್ನು. ಹೆಸರು ಆರ್ನೆ. ಹದಿನಾರರ ಪ್ರಾಯದಿಂದಲೂ ಅದೇ ಕಾರಖಾನೆಯಲ್ಲಿ ಕೆಲಸವಂತೆ. ನಾವು ನಕ್ಕದ್ದೇಕೆಂದು ಇಂಗ್ರಿಡ್ ಹೇಳಿದಾಗ ಅವನು ಗಂಭೀರವಾಗಿ ಉತ್ತರ ಕೊಟ್ಟ; ಅವಳು ಇಂಗ್ಲಿಷಿಗೆ ತಿರುಗಿಸಿದಳು: "ಹೊರಗಿನದರ ಮೇಲೆ ನಾಯಿ ಓಡಾಡುತ್ತದೆ. ನೀವು ತಿನ್ನುವ ಮೀನನ್ನು ಅದರಲ್ಲಿ ಇಡುತ್ತೀರಾ?"

ಮುಂಬಯಿಯಲ್ಲೂ ಬರ್ಫ ಕಾರಖಾನೆ ಇದೆ, ನಮ್ಮ ಚಿತ್ರದಲ್ಲಿ ಅದನ್ನು ತೋರಿಸಿದ್ದೇವೆ ಎಂದೆ. ಅವನು ನಂಬಲಿಲ್ಲ. ಭಾರತದಲ್ಲಿ ಬರ್ಫ ನಿಂತೀತು ಹೇಗೆ? "ಸಂಜೆ ಬಂದು ನೋಡಿ" ಎಂದೆ. ಅವನು ಭುಜ ಕುಣಿಸಿದ. ಅಂಥ ಉತ್ಸವಗಳಿಗೆಲ್ಲ ಹೋಗುವವನಲ್ಲ ಎಂದು ಇಂಗ್ರಿಡ್ ಆಮೇಲೆ ಹೇಳಿದಳು.

ಸಭಾಂಗಣ, ಮಧ್ಯಾಹ್ನ

ಸಂಜೆಯ ಪ್ರದರ್ಶನಕ್ಕೆ ಮೊದಲು ಯಂತ್ರ ಪರೀಕ್ಷಿಸಲು ನಮ್ಮ ಚಿತ್ರವನ್ನು ಓಡಿಸಿದರು. ದೀಪ ಆರಿತು. ಪರದೆಯ ಮೇಲೆ ವಡಾಳೆಯ ಉಪ್ಪು ಮೂಡಿತು. ಆಮೇಲೆ ಧ್ವನಿ ಬಂತು. ಅದು ಆ ರೇಡಿಯೋ ಮಹನೀಯರ ಇಂಗ್ಲಿಷ್ ಧ್ವನಿಯಾಗಿರಲಿಲ್ಲ, ನನ್ನದು.

"ನಮ್ಮ ಊರಾಗ ಹಿಮ ಬೀಳೂದಿಲ್ಲ..."

ಮುಂಬಯಿಯಲ್ಲಿ ಪ್ರತಿ ತೆಗೆದವರು ಇಂಗ್ಲಿಷಿನ ಚೀಟಿಯನ್ನು ಕನ್ನಡದ ಡಬ್ಬಿಗೆ ಅಂಟಿಸಿದ್ದರು. ಅಷ್ಟು ದೂರ ತೊಡೆಯ ಮೇಲಿಟ್ಟು ತಂದದ್ದು ಕನ್ನಡದ ಪ್ರತಿ!

ಖಾದರ್ ಭಾಯಿ ಸೀಟಿನಲ್ಲಿ ಕುಸಿದರು. ಇಂಗ್ರಿಡ್ ಮಾತ್ರ ಗಾಬರಿಯಾಗದೆ ಒಂದು ದಾರಿ ಸೂಚಿಸಿದಳು: ಧ್ವನಿ ಪೂರ್ತಿ ಆರಿಸೋಣ, ಚಿತ್ರ ಮೂಕವಾಗಿ ಓಡಲಿ, ನೀವು ಮೈಕಿನ ಮುಂದೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗಿ.

ಹಾಗೇ ಮಾಡಿ ನೋಡಿದೆವು. ನಾನು ಓದಿದೆ, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ. ಅದಕ್ಕಿಂತ ಕೆಟ್ಟದ್ದೆಂದರೆ, ಧ್ವನಿ ಆರಿಸಿದ ಕೂಡಲೇ ಬೇರೆ ಸದ್ದುಗಳೂ ಹೋಗಿದ್ದವು. ಫ್ಯಾನಿನ ಗರ್ಜನೆ ಇಲ್ಲ, ಚಾಳಿನ ಮಕ್ಕಳ ನಗು ಇಲ್ಲ, ಬರ್ಫ ಸೀಳುವ ಸದ್ದಿಲ್ಲ. ಗಡ್ಡೆ ಒಡೆಯುತ್ತಿತ್ತು, ಕೇಳುತ್ತಿರಲಿಲ್ಲ.

"ಅಕ್ಕಾರ" ಎಂದರು ಖಾದರ್ ಭಾಯಿ ಮುಂದಿನ ಸಾಲಿನಿಂದ, ಬಹಳ ಮೆಲ್ಲಗೆ. "ಹೆಣಾ ನೋಡಿದಂಗ ಆಗಾಕತ್ತೈತ್ರಿ. ಬ್ಯಾಡ. ಚಿತ್ರ ಹಿಂದ ತಗೊಳ್ಳೂಣು."

ಪರದೆಯನ್ನೇ ನೋಡುತ್ತಿದ್ದೆ. ಆ ನಿರೂಪಣೆ ಬರೆದವಳು ನಾನೇ. ಎಲ್ಲಿ ಮಾತು ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿ ಉಸಿರು ತೆಗೆದುಕೊಂಡಿದ್ದೇನೆ ಎಂಬುದೆಲ್ಲ ನನಗೆ ಬಾಯಿಪಾಠ. ವರ್ಷಗಟ್ಟಲೆ ಅಣೆಕಟ್ಟು, ಗೋಧಿಗಳ ನಡುವೆ ಅದೊಂದನ್ನೇ ಕಲಿತಿದ್ದೆ: ಚಿತ್ರದ ಬಿಡುವಿನಲ್ಲಿ ಮಾತನ್ನು ಕೂರಿಸುವುದು.

"ಧ್ವನಿ ಹಚ್ಚಿ" ಎಂದೆ ಇಂಗ್ರಿಡ್‌ಗೆ. "ಕನ್ನಡದಲ್ಲೇ ಓಡಲಿ. ಮೊದಲು ನಾನು ಕಥೆ ಹೇಳುತ್ತೇನೆ, ನೀವು ನಿಮ್ಮ ಭಾಷೆಗೆ ತಿರುಗಿಸಿ. ಆಮೇಲೆ ಕನ್ನಡ ನಿಂತಲ್ಲೆಲ್ಲ ನಾನು ಇಂಗ್ಲಿಷಿನಲ್ಲಿ ಎರಡೇ ಮಾತು ಸೇರಿಸುತ್ತೇನೆ."

"ಸಾಲುತ್ತದೆಯೇ?" ಎಂದಳು ಅವಳು.

"ಸಾಲ್ತದ" ಎಂದೆ, ಕನ್ನಡದಲ್ಲೇ. ಅವಳಿಗೆ ಅರ್ಥವಾಯಿತು.

ಸಭಾಂಗಣ, ಸಂಜೆ

ನಮಗೆ ಮೊದಲು ಮೂರು ಚಿತ್ರಗಳಿದ್ದವು. ದೊಡ್ಡ ದೊಡ್ಡ ಹಿಮದ ಗೋಡೆಗಳು ಕಡಲಿಗೆ ಕುಸಿದವು. ಬಿಳಿ ಕರಡಿ ಮರಿಗಳೊಂದಿಗೆ ನಡೆದುಹೋಯಿತು. ಗಡ್ಡದ ತುಂಬ ಹಿಮ ಅಂಟಿಸಿಕೊಂಡ ಗಂಡಸರು ದಿಗಂತವನ್ನು ದಿಟ್ಟಿಸಿದರು. ನನ್ನ ಬಾಯಿ ತೆರೆದೇ ಇತ್ತು, ಅಷ್ಟು ಚೆಂದದ ಚಿತ್ರಗಳು. ಊರಿನವರು ಮಾತ್ರ ಮರ್ಯಾದೆಯಿಂದ ಚಪ್ಪಾಳೆ ತಟ್ಟಿ, ಕಾಫಿ ಸುರಿದುಕೊಂಡರು. ಮುಂಬಯಿಯವರಿಗೆ ಸಮುದ್ರ ತೋರಿಸಿದರೆ ಹೇಗೋ ಹಾಗೆ.

ನಮ್ಮ ಸರದಿ ಬಂತು. ಸೀರೆಯಲ್ಲಿ ವೇದಿಕೆ ಹತ್ತಿದೆ. "ನಮ್ಮೂರಿನಲ್ಲಿ ಹಿಮ ಬೀಳುವುದಿಲ್ಲ. ಆದರೆ ನಿಮ್ಮ ಹಿಮದ ಕಥೆ ಓದಿ ನಮ್ಮ ಮಾಸ್ತರರೊಬ್ಬರು ಮೇ ತಿಂಗಳಲ್ಲಿ ಶಾಲು ಹೊದೆಯುತ್ತಾರೆ" ಎಂದೆ. ಇಂಗ್ರಿಡ್ ತಿರುಗಿಸಿ ಹೇಳಿದಳು. ಎಲ್ಲೋ ಹಿಂದೆ ಒಬ್ಬರು ನಕ್ಕರು. ಅಷ್ಟೇ ಸಾಕಾಯಿತು. ಉಳಿದದ್ದನ್ನು ಸಲೀಸಾಗಿ ಹೇಳಿದೆ. ದೀಪ ಆರಿತು.

ಉಪ್ಪಿನ ಗುಡ್ಡೆಯ ಮೇಲೆ ಫ್ಯಾನ್ ತಿರುಗಿದಾಗ ನಗು ಶುರುವಾಯಿತು. ನಾಯಕಿ ಸೆಖೆಗೆ ಬಿದ್ದು, ನಾಲ್ವರು ಓಡಿಬಂದು ಅವಳ ಉಣ್ಣೆಯ ಕೋಟು ಕಿತ್ತು ಗಾಳಿ ಹಾಕಿದಾಗ ಸಭೆ ಹೊಟ್ಟೆ ಹಿಡಿದುಕೊಂಡಿತು. ನನ್ನ ಕನ್ನಡ ಓಡುತ್ತಿತ್ತು. ಅದು ನಿಂತಲ್ಲಿ ನಾನು ಮೈಕಿಗೆ ಬಾಗಿ ಎರಡು ಮಾತು ಹೇಳುತ್ತಿದ್ದೆ, ಮತ್ತೆ ಕನ್ನಡ ಎತ್ತಿಕೊಳ್ಳುತ್ತಿತ್ತು. ನನ್ನ ಜೊತೆ ನಾನೇ ಮಾತಾಡುತ್ತಿದ್ದ ಹಾಗಿತ್ತು. ಒಂದು ಸಲವೂ ಮಾತಿಗೆ ಮಾತು ತೊಡರಲಿಲ್ಲ.

ಗಿರಣಿಯ ಪಾಳಿ ಬಿಟ್ಟಿತು. ಹುಬ್ಬು ಮೀಸೆಯ ಮೇಲೆ ಹತ್ತಿಯ ಧೂಳು ಹೊತ್ತ ಗಂಡಸರು ಸಾಲುಸಾಲಾಗಿ ಗೇಟಿನಿಂದ ಹೊರಬಂದರು, ದಣಿದ ಕಣ್ಣು, ಬೆಳ್ಳಗಿನ ತಲೆ. ಆಗ ಯಾರೂ ನಗಲಿಲ್ಲ. ಅಂಥ ಮುಖಗಳನ್ನು ಅವರು ತಮ್ಮ ಮನೆಗಳಲ್ಲೇ ಕಂಡಿದ್ದರು ಎಂದು ಆಮೇಲೆ ತಿಳಿಯಿತು. ಅಲ್ಲಿ ಬೇಟೆಗೆ, ಮೀನಿಗೆ ಹೋದವರು ಹುಬ್ಬು ಮೀಸೆಗೆ ಹಿಮ ಅಂಟಿಸಿಕೊಂಡು ಹಾಗೇ ಮರಳುತ್ತಿದ್ದರಂತೆ.

ಕೊನೆಗೆ ಕೊಲಾಬಾದ ಬರ್ಫ ಕಾರಖಾನೆ. ಬರಿಗಾಲಿನ ಕೆಲಸಗಾರ ಗಡ್ಡೆಯನ್ನು ಜಾರಿಸಿಕೊಂಡು ಬಂದ. ಅದು ಪಕ್ಕದ ಗಡ್ಡೆಗೆ ಬಡಿಯುವಷ್ಟರಲ್ಲಿ ಕತ್ತಲೆಯಿಂದ ಯಾರೋ ದೊಡ್ಡ ದನಿಯಲ್ಲಿ ಅರಚಿದರು. ತಿರುಗಿ ನೋಡಿದೆ. ಹಿಂದಿನ ಸಾಲಿನಲ್ಲಿ ಆರ್ನೆ ಎದ್ದು ನಿಂತಿದ್ದ, ಒಂದು ಕೈ ಪರದೆಯ ಕಡೆ ಚಾಚಿ. ಬಂದಿದ್ದ! ಪರದೆಯ ಮೇಲಿನ ಕೆಲಸಗಾರ ಅದೇ ಕ್ಷಣಕ್ಕೆ ಕೈ ಹಿಂದೆಳೆದುಕೊಂಡ. ಎರಡು ಗಡ್ಡೆಗಳು ಫಟ್ಟೆಂದು ಬಡಿದವು. ಕೆಲಸಗಾರ ಕ್ಯಾಮೆರಾ ನೋಡಿ ಹಲ್ಲು ಬಿಟ್ಟ. ಇಡೀ ಸಭಾಂಗಣ ಕುಣಿದೆದ್ದು ಚಪ್ಪಾಳೆ ತಟ್ಟಿತು.

"ಏನಂದ ಅವನು?" ಎಂದು ಇಂಗ್ರಿಡ್‌ಳ ಕಿವಿಯಲ್ಲಿ ಕೇಳಿದೆ.

ಅವಳು ನಗುತ್ತ ಕಣ್ಣೊರೆಸಿಕೊಂಡಳು. "'ಬೆರಳು ತೆಗಿಯೋ, ಮಹಾರಾಯಾ!' ಅಂದ."

ದೀಪ ಹತ್ತಿದ ಮೇಲೂ ಜನ ಏಳಲಿಲ್ಲ. ಯಾರೋ ಒಬ್ಬರು ಮತ್ತೊಮ್ಮೆ ಎಂದರು, ಎಲ್ಲರೂ ದನಿಗೂಡಿಸಿದರು. ಅಲ್ಲೇ, ಆಗಲೇ, ಚಿತ್ರವನ್ನು ಎರಡನೆಯ ಸಲ ಓಡಿಸಿದರು. ಈ ಸಲ ನಾನು ಮೈಕಿನ ಹತ್ತಿರ ಹೋಗಲಿಲ್ಲ. ಬರೀ ಕನ್ನಡ. ಯಾರಿಗೂ ಕೊರತೆ ಅನ್ನಿಸಲಿಲ್ಲ. ಆರ್ನೆ ನಮ್ಮ ಸಾಲಿಗೆ ಬಂದು ಖಾದರ್ ಭಾಯಿಯ ಪಕ್ಕ ಕೂತ. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಬರ್ಫ ಸೀಳುವ ದೃಶ್ಯ ಬಂದಾಗಲೆಲ್ಲ ಅವನು ಖಾದರ್ ಭಾಯಿಯ ತೊಡೆಗೆ ಬಾರಿಸಿ ಏನೋ ಹೇಳುವನು, ಖಾದರ್ ಭಾಯಿ, "ಹೌದ್ರಿ, ಹೌದ್ರಿ" ಎನ್ನುವರು.

ತೀರ್ಪುಗಾರರ ಬಹುಮಾನ ಕರಡಿಯ ಚಿತ್ರಕ್ಕೆ ಹೋಯಿತು, ನ್ಯಾಯವಾಗಿಯೇ ಹೋಯಿತು. ಪ್ರೇಕ್ಷಕರು ಕೈ ಎತ್ತಿ ಆರಿಸುವ ಬಹುಮಾನ ನಮ್ಮದಾಯಿತು. ಎಷ್ಟು ಕೈ ಎಂದು ಎಣಿಸುವ ಅಗತ್ಯವೇ ಬೀಳಲಿಲ್ಲ. ಖಾದರ್ ಭಾಯಿಯನ್ನು ಮಾತಾಡಿ ಎಂದು ಕರೆದರು. ಅವರು ಮೈಕಿನ ಎತ್ತರ ಸರಿಮಾಡಿಕೊಂಡರು. ಆಮೇಲೆ, "ನಮ್ಮ ಮಂದೀನ ನೀವು ಛಲೋತ್ನಂಗ ನೋಡಿದ್ರಿ. ಅಷ್ಟ ಸಾಕ್ರಿ" ಎಂದು ಕೈ ಮುಗಿದು ಇಳಿದುಬಿಟ್ಟರು. ಅದನ್ನು ನಾನು ಇಂಗ್ಲಿಷಿಗೂ ಇಂಗ್ರಿಡ್ ಅಲ್ಲಿಯ ಭಾಷೆಗೂ ತಿರುಗಿಸುವಷ್ಟರಲ್ಲಿ ಚಪ್ಪಾಳೆ ಆಗಲೇ ಮುಗಿಯುವುದರಲ್ಲಿತ್ತು.

ಶಾಲೆ

ಹೊರಡುವ ದಿನ ಬೆಳಿಗ್ಗೆ ಊರಿನ ಶಾಲೆಯವರು ಕರೆದರು. ಹಿಂದಿನ ದಿನ ಅಲ್ಲಿಯ ಮಕ್ಕಳಿಗೂ ಚಿತ್ರ ತೋರಿಸಿದ್ದರು. ಅವರ ಟೀಚರು ಒಂದು ಕೆಲಸ ಕೊಟ್ಟಿದ್ದರಂತೆ: ನಮ್ಮ ಹಿಮವನ್ನು ಅವರು ಮನಸ್ಸಿನಲ್ಲೇ ಕಂಡರಲ್ಲ, ಈಗ ನೀವು ಅವರ ಮುಂಬಯಿಯ ಚಿತ್ರ ಬರೆಯಿರಿ.

ತರಗತಿಯ ಗೋಡೆಯ ತುಂಬ ಮುಂಬಯಿ. ಒಂದರಲ್ಲಿ ಲೋಕಲ್ ಟ್ರೇನನ್ನು ಆನೆಗಳು ಎಳೆಯುತ್ತಿದ್ದವು. ಇನ್ನೊಂದರಲ್ಲಿ ಎಲ್ಲರೂ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಆಫೀಸಿನ ಕೆಲಸ ಮಾಡುತ್ತಿದ್ದರು, ಟೇಬಲ್ಲೂ ನೀರಿನಲ್ಲೇ. ಕಿಟಕಿಯ ಬಳಿ ಜಡೆ ಹಾಕಿದ್ದ ಒಬ್ಬ ಹುಡುಗಿ ಇನ್ನೂ ಬಣ್ಣ ತುಂಬುತ್ತಲೇ ಇದ್ದಳು. ಅವಳ ಮುಂಬಯಿಯ ಆಕಾಶದಲ್ಲಿ ನಾಲ್ಕು ಸೂರ್ಯರಿದ್ದರು.

"ನಾಲ್ಕು ಏಕೆ?" ಎಂದು ಇಂಗ್ರಿಡ್‌ಳಿಂದ ಕೇಳಿಸಿದೆ.

ಅವಳು ತಲೆ ಎತ್ತದೆ ಉತ್ತರ ಕೊಟ್ಟಳು. ಇಂಗ್ರಿಡ್ ಹೇಳಿದಳು: "ಒಂದೇ ಸೂರ್ಯನಿಗೆ ಅಷ್ಟು ಜನರನ್ನು ಬೆಚ್ಚಗಿಡಲು ಆಗುವುದಿಲ್ಲವಂತೆ."

ನನ್ನ ಹಿಂದಿನಿಂದ ಒಂದು ಸಣ್ಣ ಸದ್ದು ಕೇಳಿಸಿತು, ಕರ್ರ್ ಎಂದು. ವರ್ಷಗಳಿಂದ ಬಲ್ಲ ಸದ್ದು. ಖಾದರ್ ಭಾಯಿ ಯಾವಾಗಲೋ ಒಂದು ಡೆಸ್ಕಿನ ಮೇಲೆ ಮೊಣಕಾಲೂರಿ, ಚೀಲದಿಂದ ತೆಗೆದ ಸಣ್ಣ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದರು. ಹುಡುಗಿಯ ಕುಂಚ ನಾಲ್ಕನೆಯ ಸೂರ್ಯನ ಸುತ್ತ ತಿರುಗುತ್ತಿತ್ತು.

"ಅಕ್ಕಾರ," ಎಂದರು, ಕಣ್ಣು ಕದಲಿಸದೆ, "ವಿಮಾನ ಎಷ್ಟು ಗಂಟೆಗ್ರಿ?"

"ಮಧ್ಯಾಹ್ನ."

"ಹಂಗಾದ್ರ ಟೈಮ್ ಐತಿ. ಆ ಕಿಟಕಿ ಪರದೆ ಜರಾ ಸರಸ್ರಿ. ಬೆಳಕ ಬರಲಿ."

ನಾನು ಪರದೆ ಸರಿಸಿದೆ.